ಮುಧೋಳದ ಕುನ್ನಿ ಮನೆಗೆ ಬಂದ ಮೇಲೆ

ಹುನ್ನೂರ ಎಂದರೆ ಬೆಂಗಳೂರಿನವರಿಗೆ ಗೊತ್ತಾಗುವುದಿಲ್ಲ. ಜಮಖಂಡಿ ತಾಲೂಕು ಎಂದರೆ ಅರ್ಧ ಗೊತ್ತಾಗುತ್ತದೆ. ಪಕ್ಕದ ತಾಲೂಕು ಮುಧೋಳ ಎಂದೆನೋ, ಕೇಳಿದವರ ಮುಖ ಅರಳಿ ‘ಹಾಗಾದ್ರೆ ನಮಗೊಂದು ಮರಿ ಕೊಡಿಸಿ ಸಾರ್’ ಎಂಬ ಮಾತು ಬಂದೇ ಬರುತ್ತದೆ. ಹೀಗೆ ಕೊಡಿಸಿದ, ಕೊಡಿಸಲು ದಾರಿ ತೋರಿಸಿದ ಮರಿಗಳ ಲೆಕ್ಕ ನಾನಿಟ್ಟಿಲ್ಲ. ಆದರೆ ಆರೇಳು ತಿಂಗಳಿಗೆ ಬರುವ ಎರಡನೇ ಫೋನಿನ ಧಾಟಿ ಬೇರೆಯೇ ಇರುತ್ತದೆ. ಕರೆದರೆ ತಿರುಗಿಯೂ ನೋಡುವುದಿಲ್ಲ, ಗೇಟು ತೆರೆದದ್ದೇ ತಡ ಮಾಯವಾಗುತ್ತದೆ, ಎಷ್ಟು ಹಾಕಿದರೂ ಮೈ ಹತ್ತುವುದಿಲ್ಲ, ಮನೆಗೆ ಯಾರಾದರೂ ಬಂದರೆ ಮಂಚದ ಕೆಳಗೆ ಹೋಗಿ ಕೂರುತ್ತದೆ. ಸೈನ್ಯಕ್ಕೆ ಹೋದ ನಾಯಿ ಇದೇ ಹೌದೇನು?

ಈ ಎರಡು ಫೋನುಗಳ ನಡುವೆ ಏನೋ ತಪ್ಪುತ್ತಿದೆ. ನನ್ನ ಮಟ್ಟಿಗೆ ತಪ್ಪು ನಾಯಿಯದಲ್ಲ, ಪೂರ್ತಿ ಸಾಕುವವರದೂ ಅಲ್ಲ. ಲ್ಯಾಬ್ರಡಾರನ್ನೋ ಆಲ್ಸೇಷಿಯನ್ನನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರೆದ ಪಾಠವನ್ನು ಬೇಟೆನಾಯಿಯ ಮರಿಗೆ ಒಪ್ಪಿಸಲು ಹೊರಟಿದ್ದೇವೆ, ಅಷ್ಟೆ.

ನಮ್ಮ ಕಡೆ ಮರಿಗೆ ಕುನ್ನಿ ಎನ್ನುತ್ತಾರೆ. ಬೈಗುಳಕ್ಕೂ ಅದೇ ಮಾತು, ಮುದ್ದಿಗೂ ಅದೇ. ಗಡಿಯಾಚೆಯ ಮರಾಠಿಯವರಿಗೆ ಇದೇ ನಾಯಿ ಕಾರವಾನಿ. ವ್ಯಾಪಾರಿ ಕಾರವಾನುಗಳ ಜೊತೆ ಸಲೂಕಿಯಂಥ ಪಡುವಣ ದೇಶದ ಬೇಟೆನಾಯಿಗಳು ದಖ್ಖನಿಗೆ ಬಂದವೆಂಬ ನಂಬಿಕೆ ಆ ಹೆಸರಲ್ಲೇ ಇದೆ. ಕಿವಿಗೂ ಬಾಲಕ್ಕೂ ರೇಷ್ಮೆಯಂಥ ಕೂದಲು ಇಳಿಬಿದ್ದಿದ್ದರೆ ಪಶ್ಮಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಮಾತ್ರ ಕ್ಯಾರವಾನ್ ಹೌಂಡ್. ಮುಧೋಳದ ಹೆಸರು ಅಂಟಿದ್ದು ಅಲ್ಲಿಯ ಘೋರ್ಪಡೆ ಅರಸರಿಂದ. ಸುತ್ತಲಿನ ಬೇಡರ ಬಳಿ ಇದ್ದ ಈ ನಾಯಿಗಳನ್ನು ಕಂಡು ಮೆಚ್ಚಿ, ತಳಿ ಕಾಪಾಡಿದ ಹಿರಿಮೆಯನ್ನು ಮಾಲೋಜಿರಾವ್ ಘೋರ್ಪಡೆಯವರಿಗೆ ಕೊಡುತ್ತಾರೆ. ಅವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರೆಂಬುದು ಮುಧೋಳದಲ್ಲಿ ಎಲ್ಲರ ಬಾಯಲ್ಲಿರುವ ಕಥೆ. ಅದು 1937ರಲ್ಲಿ ನಡೆಯಿತೆಂದು ಕೆಲವರು ಬರೆದಿದ್ದಾರೆ. ಜಾರ್ಜ್ ದೊರೆ 1936ರ ಜನವರಿಯಲ್ಲೇ ತೀರಿಕೊಂಡಿದ್ದ; ಕೊಟ್ಟದ್ದು ನಿಜವಿದ್ದರೆ ಅದಕ್ಕೂ ಮೊದಲೇ ಇರಬೇಕು. ಅರಸರ ಹೆಸರು ಉಳಿಯಿತು, ನಾಯಿಯನ್ನು ಪೀಳಿಗೆಗಟ್ಟಲೆ ಸಾಕಿ ಬೆಳೆಸಿದ ಬೇಡರ ಹೆಸರು ಅಷ್ಟು ಉಳಿಯಲಿಲ್ಲ. ಇದೇ ಮುಧೋಳ ತಾಲೂಕಿನ ಹಲಗಲಿಯ ಬೇಡರು ಕೈಯಲ್ಲಿನ ಆಯುಧ ಒಪ್ಪಿಸಲೊಲ್ಲೆವೆಂದು 1857ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದವರು. ಬೇಟೆಯ ಆಯುಧವೂ ಬೇಟೆಯ ನಾಯಿಯೂ ಒಂದೇ ಬದುಕಿನ ಎರಡು ಭಾಗ.

ಕನ್ನಡ ನಾಡಿನಲ್ಲಿ ಬೇಟೆನಾಯಿಗೆ ಸಿಕ್ಕ ಮರ್ಯಾದೆಗೆ ಇದಕ್ಕಿಂತ ಹಳೆಯ ಸಾಕ್ಷಿ ಮದ್ದೂರು ತಾಲೂಕಿನ ಆತಕೂರಿನದು. ಗಂಗರ ಇಮ್ಮಡಿ ಬೂತುಗ ತನ್ನ ವೀರ ಮಣಲೆರನಿಗೆ ‘ಬೇಕಾದ್ದು ಕೇಳು’ ಎಂದಾಗ ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಕ್ರಿ.ಶ. 949–50ರ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿ–ನಾಯಿಯ ಕಾಳಗ ಅದರ ಮೇಲೆ ಕೆತ್ತಿದೆ. ಕಾಳಿ ಯಾವ ತಳಿಯೋ, ಮುಧೋಳಕ್ಕೆ ನಂಟು ಕಟ್ಟುವ ಉಮೇದು ನನಗಿಲ್ಲ. ಮಣಲೆರ ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಕೇಳಿದ್ದು ನಾಯಿ.

ಇತ್ತೀಚಿನ ಕೀರ್ತಿಯ ಕಥೆ ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ತಂದ ನಾಲ್ಕು ದೇಸಿ ನಾಯಿಗಳ ಚೀಟಿಗಳಲ್ಲಿ ಮುಧೋಳದ್ದೂ ಒಂದು. 2016ರಲ್ಲಿ ಮರಿಗಳು ಮೀರತ್ತಿಗೆ, ಸೈನ್ಯದ ನಾಯಿ ತರಬೇತಿ ಕೇಂದ್ರಕ್ಕೆ ಹೋದವು. 2018ರ ಚುನಾವಣೆಯಲ್ಲಿ ಪ್ರಧಾನಿಯವರು ನಮ್ಮ ಜಮಖಂಡಿಯ ಸಭೆಯಲ್ಲೇ ಈ ನಾಯಿಯ ಮಾತೆತ್ತಿದರು. 2020ರ ಆಗಸ್ಟಿನ ‘ಮನ್ ಕೀ ಬಾತ್’ನಲ್ಲಿ ಮತ್ತೆ ಹೇಳಿದ ಮೇಲಂತೂ ಮರಿ ಕೇಳುವ ಫೋನು ನಿಲ್ಲಲೇ ಇಲ್ಲ. ರನ್‌ವೇಯ ಹಕ್ಕಿ ಓಡಿಸಲೆಂದು ವಾಯುಪಡೆ ಆಗ್ರಾಕ್ಕೆ ಒಯ್ದದ್ದು ನನಗೆ ಎಲ್ಲಕ್ಕಿಂತ ಜಾಣ ಆಯ್ಕೆ ಎನಿಸಿತ್ತು: ದೂರದಲ್ಲಿ ಅಲುಗುವುದನ್ನು ಕಾಣುವುದು, ಓಡುವುದು, ಎರಡೂ ಇದರ ಹುಟ್ಟು ಕಸುಬು. ಮೂಸಿ ಜಾಡು ಹಿಡಿಯುವುದು ಇದರಿಂದ ಆಗದು ಎಂದು ನಾನು ಹಲವರಿಗೆ ಹೇಳಿದ್ದೂ ಉಂಟು. ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ಹೆಣ್ಣುನಾಯಿ 2024ರ ಅಖಿಲ ಭಾರತ ಪೊಲೀಸ್ ಡ್ಯೂಟಿ ಮೀಟ್‌ನಲ್ಲಿ ಜಾಡು ಹಿಡಿಯುವ ವಿಭಾಗದಲ್ಲೇ ಮೊದಲಿಗಳಾಗಿ ನನ್ನ ಮಾತನ್ನು ಸುಳ್ಳು ಮಾಡಿದಳು. ಕಲಿಯದ ನಾಯಿ ಎಂಬ ದೂರು ಇನ್ನು ನಡೆಯುವುದಿಲ್ಲ. ಹೇಗೆ ಕಲಿಯುತ್ತದೆ ಎಂಬುದನ್ನಷ್ಟೇ ನೋಡಬೇಕು.

ಮರಿ ತರುವುದೆಲ್ಲಿಂದ? ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅದು ಬಿಟ್ಟರೆ ಊರೂರಲ್ಲಿ, ತೋಟದ ಮನೆಗಳಲ್ಲಿ ತಲೆಮಾರಿನಿಂದ ಸಾಕಿಕೊಂಡು ಬಂದವರು. ಎರಡೂ ಒಳ್ಳೆಯ ದಾರಿಗಳೇ. ಮೂರನೆಯದು ಕೆಟ್ಟದ್ದು: ಹೆಸರು ಕೇಳಿ ಹುಟ್ಟಿಕೊಂಡ ನಡುವಿನ ವ್ಯಾಪಾರ. ಗ್ರೇಹೌಂಡ್ ರಕ್ತ ಬೆರೆತ ಮರಿಯನ್ನೂ ‘ಅಸಲಿ’ ಎಂದು ಮಾರುವವರುಂಟು. ಅದಕ್ಕಿಂತ ದೊಡ್ಡ ಪಾಪ ಎಳೆಯ ಮರಿಯನ್ನು ಕೀಳುವುದು.

ನನ್ನ ಮೊದಲ ಕುನ್ನಿ ಹಾಗೆ ಬಂದದ್ದು. ಎರಡು ತಿಂಗಳಾಗಿದೆ ಎಂದು ಮಾರಿದವ ಆಣೆ ಇಟ್ಟ. ಬಾಯಿ ತೆರೆದು ನೋಡಿದ ಪಶುವೈದ್ಯರು ಐದು ವಾರವೂ ಕಷ್ಟ ಎಂದರು. ಮನೆಗೆ ಬಂದ ಒಂಬತ್ತನೇ ದಿನ ವಾಂತಿ, ಮರುದಿನ ರಕ್ತದ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಲ್ಲ. ಪಾರ್ವೊ. ಮೂರು ದಿನ ಸಲೈನ್ ಏರಿಸಿದೆವು, ಉಳಿಯಲಿಲ್ಲ. 1978ರಲ್ಲಿ ಜಗತ್ತಿನ ನಾನಾ ಕಡೆ ಒಮ್ಮೆಲೇ ಕಾಣಿಸಿಕೊಂಡ ಈ ವೈರಸ್ಸು ಕರುಳಿನ ಒಳಪದರವನ್ನೇ ಕಿತ್ತುಹಾಕುತ್ತದೆ. ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ವರ್ಷ ಕಳೆಯುವವರೆಗೆ ನಮ್ಮ ಮನೆಗೆ ಇನ್ನೊಂದು ಮರಿ ತರಲಿಲ್ಲ. ನೆಲಕ್ಕೆ ಬ್ಲೀಚಿಂಗ್ ಹಾಕಿ ತೊಳೆದದ್ದು ನೆನಪಿದೆ. ಅವ್ವ ಮಾತಾಡದೆ ನೀರು ಸುರಿಯುತ್ತಿದ್ದಳು.

ಎಂಟು ವಾರ ತುಂಬದ ಮರಿ ಮಾರಬಾರದೆಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ನಾಯಿ ಬೆಳೆಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದೂ ಇದೆ. ಕಾನೂನಿಗೆ ಹೆದರಿ ಅಲ್ಲದಿದ್ದರೂ ಮರಿಯ ಸಲುವಾಗಿ ಕಾಯಬೇಕು. ತಾಯಿ, ಒಡಹುಟ್ಟಿದವರ ಜೊತೆ ಕಚ್ಚಾಡಿಯೇ ಅದು ಎಷ್ಟು ಕಚ್ಚಿದರೆ ನೋವಾಗುತ್ತದೆಂದು ಕಲಿಯುವುದು. ಸ್ಕಾಟ್ ಮತ್ತು ಫುಲ್ಲರ್ ಎಂಬ ಅಮೆರಿಕದ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ: ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಕಂಡದ್ದೆಲ್ಲ ಮರಿಗೆ ತನ್ನ ಲೋಕ, ಆಮೇಲೆ ಕಂಡದ್ದು ಹೊರಗಿನದು. ಮುಧೋಳದ ಮರಿಗೆ ಇದು ಎರಡು ಪಟ್ಟು ಸತ್ಯ. ಅಪರಿಚಿತರೆಂದರೆ ಅಂತರ ಕಾಯುವ ತಳಿ ಇದು. ತೋಟದ ಮನೆಯಲ್ಲಿ ಒಂದೇ ಕುಟುಂಬವನ್ನು ನೋಡಿ ಬೆಳೆದ ಕುನ್ನಿಯನ್ನು ನಾಲ್ಕು ತಿಂಗಳಿಗೆ ಬೆಂಗಳೂರಿಗೆ ಒಯ್ದರೆ ಮಂಚದ ಕೆಳಗೆ ಕೂರದೆ ಇನ್ನೇನು ಮಾಡೀತು?

ಎರಡನೆಯವಳು ಕೆಂಚಿ. ಮುಧೋಳ ಕಡೆಯ ಒಂದು ತೋಟದಿಂದ ಒಂಬತ್ತನೇ ವಾರಕ್ಕೆ ತಂದೆ. ಈ ಸಲ ತಾಯಿಯನ್ನು ನೋಡಿಯೇ ತಂದದ್ದು. ಹೊಸಬರನ್ನು ಕಂಡಾಗ ತಾಯಿ ದೂರ ನಿಂತು ನೋಡುತ್ತದೆಯೋ, ಹೆದರಿ ಉಚ್ಚೆ ಹೊಯ್ದುಕೊಳ್ಳುತ್ತದೆಯೋ ಎಂಬುದು ಮರಿಯ ಬಣ್ಣಕ್ಕಿಂತ ಮುಖ್ಯ. ಜೋಡಿ ಮರಿ ಒಯ್ಯಿರಿ, ಆಡಿಕೊಂಡಿರುತ್ತವೆ ಎಂದು ಕೆಲವರು ಒತ್ತಾಯಿಸುತ್ತಾರೆ. ಬೇಡ. ಅವು ಒಂದನ್ನೊಂದು ನೋಡಿಕೊಂಡು ಬೆಳೆಯುತ್ತವೆ, ನಿಮ್ಮನ್ನಲ್ಲ.

ಮೋಟರ್‌ಸೈಕಲ್ಲಿನ ಮುಂದೆ ಗೋಣಿಚೀಲದಲ್ಲಿ ಕೂರಿಸಿ, ತಾಯಿ ಮಲಗುತ್ತಿದ್ದ ಹರಕು ಕೌದಿಯ ತುಂಡೊಂದನ್ನು ಕೇಳಿ ತಂದೆ. ಆ ತುಂಡು ಮೊದಲ ಮೂರು ರಾತ್ರಿ ಉಳಿಸಿತು. ಅಳುವ ಮರಿಯನ್ನು ಹೊರಗೆ ಕಟ್ಟಿಹಾಕಿದರೆ ತಾನೇ ಸುಮ್ಮನಾಗುತ್ತದೆ ಎಂಬುದು ಹಿರಿಯರ ಮಾತು. ಸುಮ್ಮನಾಗುತ್ತದೆ ನಿಜ, ಆದರೆ ಕತ್ತಲಲ್ಲಿ ಕರೆದರೆ ಯಾರೂ ಬರುವುದಿಲ್ಲ ಎಂದು ಕಲಿತು ಸುಮ್ಮನಾಗುತ್ತದೆ. ನನ್ನ ಹಾಸಿಗೆಯ ಪಕ್ಕದಲ್ಲೇ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡೆ. ಉಚ್ಚೆಯ ವಿಷಯದಲ್ಲಿ ದೊಡ್ಡ ವಿದ್ಯೆ ಏನಿಲ್ಲ: ನಿದ್ದೆಯಿಂದ ಎದ್ದಾಗ, ತಿಂದಾಗ, ಆಡಿ ದಣಿದಾಗ ಎತ್ತಿ ಹೊರಗೆ ಒಯ್ಯುವುದು, ಒಂದೇ ಜಾಗಕ್ಕೆ ಒಯ್ಯುವುದು, ಆದ ಕೂಡಲೇ ಹೊಗಳುವುದು. ಎರಡು ತಿಂಗಳ ಮರಿ ಎರಡು ತಾಸಿನ ಮೇಲೆ ತಡೆಯಲಾರದು. ಒಳಗೆ ಮಾಡಿದರೆ ಮೂಗು ತಿಕ್ಕುವ ಹಳೆಯ ಶಿಕ್ಷೆಯಿಂದ ಮರಿ ಕಲಿಯುವುದು ಒಂದನ್ನೇ, ನಿಮಗೆ ಕಾಣದಂತೆ ಮಾಡುವುದನ್ನು.

ಊಟದ ಬಗ್ಗೆ ಜಗಳಗಳೇ ನಡೆಯುತ್ತವೆ. ಈ ತಳಿ ಬೆಳೆದದ್ದು ಜೋಳದ ರೊಟ್ಟಿ, ನುಚ್ಚು, ಮಜ್ಜಿಗೆಯ ಮೇಲೆ, ಬೇಟೆ ಸಿಕ್ಕ ದಿನ ಮಾಂಸದ ಮೇಲೆ. ಬೇಟೆ ನಿಂತ ಮೇಲೆ ಉಳಿದದ್ದು ಬರೀ ರೊಟ್ಟಿ–ಮಜ್ಜಿಗೆ. ಬೆಳೆಯುವ ಮರಿಗೆ ಅದು ಸಾಲದು. ಮೊಟ್ಟೆ, ಬೇಯಿಸಿದ ಮಾಂಸ, ಇಲ್ಲವೆ ಮರಿಗೆಂದೇ ಮಾಡಿದ ಒಣ ಆಹಾರ ಬೇಕು. ದಿನಕ್ಕೆ ನಾಲ್ಕು ಸಲದಿಂದ ಶುರುಮಾಡಿ ಆರು ತಿಂಗಳಿಗೆ ಎರಡಕ್ಕೆ ಇಳಿಸಬೇಕು. ಬೇಯಿಸಿದ ಕೋಳಿಯ ಎಲುಬು ಸೀಳಿ ಚುಚ್ಚುತ್ತದೆ, ಬೇಡ. ಉಳ್ಳಾಗಡ್ಡಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ಮಹಾಲಿಂಗಪುರದ ಬೆಲ್ಲದ ರುಚಿ ಹತ್ತಿದ ನಾಯಿ ಗಾಣದ ಮನೆ ಬಿಟ್ಟು ಬರುವುದಿಲ್ಲ. ವಿಷವಲ್ಲ, ಆದರೂ ಬಾಯಿಗೆ ಹಚ್ಚಬಾರದು. ಇಷ್ಟೆಲ್ಲ ಮಾಡಿದರೂ ಮೂರು ಪಕ್ಕೆಲುಬು ಕಾಣುತ್ತಲೇ ಇರುತ್ತವೆ. ಎದೆ ಆಳ, ಹೊಟ್ಟೆ ಬೆನ್ನಿಗೆ ಅಂಟಿದಂತೆ, ಚರ್ಮದಡಿ ಕೊಬ್ಬೇ ಇಲ್ಲ. ಇದು ಇರಬೇಕಾದ ಮೈಕಟ್ಟು. ದೊಡ್ಡ ಗಂಡು ಭುಜದವರೆಗೆ 68ರಿಂದ 72 ಸೆಂಟಿಮೀಟರ್ ನಿಂತರೂ ಮೂವತ್ತು ಕಿಲೋ ದಾಟುವುದು ಅಪರೂಪ. ಬೆಂಗಳೂರಿನ ಒಬ್ಬರ ಮೇಲೆ ನೆರೆಯವರು ನಾಯಿಗೆ ಊಟ ಹಾಕುವುದಿಲ್ಲವೆಂದು ದೂರು ಕೊಟ್ಟಿದ್ದರು. ಪಾಪ, ಆತ ಹಾಕಿ ಹಾಕಿ ಸೋತಿದ್ದರು.

ಕೊಬ್ಬಿಲ್ಲದ ಈ ಮೈಗೆ ಇನ್ನೊಂದು ಪರಿಣಾಮವಿದೆ, ಇದನ್ನು ಮಾತ್ರ ಮರೆಯಬಾರದು. ಅರಿವಳಿಕೆಯ ಕೆಲವು ಔಷಧಗಳು, ಮುಖ್ಯವಾಗಿ ಥಯೋಪೆಂಟಾಲ್ ಜಾತಿಯವು, ಗ್ರೇಹೌಂಡಿನಂಥ ನಾಯಿಗಳ ಮೈಯಲ್ಲಿ ಬೇಗ ಇಳಿಯುವುದಿಲ್ಲ. ಸಂತಾನಹರಣಕ್ಕೋ ಗಾಯದ ಹೊಲಿಗೆಗೋ ಒಯ್ದಾಗ ‘ಇದು ಮುಧೋಳ ನಾಯಿ’ ಎಂದು ವೈದ್ಯರಿಗೆ ಮೊದಲೇ ಹೇಳಿ.

ಲಸಿಕೆಯ ಲೆಕ್ಕ ಚಿಕ್ಕದು. ಆರರಿಂದ ಎಂಟನೇ ವಾರಕ್ಕೆ ಡಿಸ್ಟೆಂಪರ್–ಪಾರ್ವೊದ ಮೊದಲ ಚುಚ್ಚುಮದ್ದು, ಮೂರು–ನಾಲ್ಕು ವಾರಕ್ಕೊಮ್ಮೆ ಮತ್ತೆ, ಹದಿನಾರನೇ ವಾರದವರೆಗೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು, ಆಮೇಲೆ ವೈದ್ಯರು ಹೇಳಿದ ಅವಧಿಗೆ ತಪ್ಪದೆ. ಜಂತಿನ ಔಷಧ ಎರಡನೇ ವಾರದಿಂದಲೇ. ಮನೆಯ ಮರಿ ಪರಚಿದರೇನು ಮಹಾ ಎನ್ನುವವರು ಇಂದಿಗೂ ಇದ್ದಾರೆ. ಲಸಿಕೆಯಾಗದ ಮರಿಯ ಹಲ್ಲು ತಾಗಿದರೂ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದಪುಡಿ ಹಚ್ಚುತ್ತ ಕೂರುವುದಲ್ಲ.

ಇನ್ನು ಕಲಿಸುವ ಮಾತು. ಕೆಂಚಿಯನ್ನು ಕೊಟ್ಟ ಹಿರಿಯರನ್ನು ನಾನು ಕೇಳಿದ್ದೆ, ಹ್ಯಾಂಗ ಕಲಸ್ತೀರಿ ಎಂದು. ‘ಕಲಸೂದೇನೈತ್ರಿ, ರೂಢಿ ಮಾಡೂದು. ಇದು ಕೇಳೂ ನಾಯಿ ಅಲ್ರಿ, ನೋಡೂ ನಾಯಿ’ ಎಂದರು. ಮಾತು ಚೆನ್ನಾಗಿದೆ ಎಂದುಕೊಂಡೆನೇ ಹೊರತು ಅರ್ಥ ಮಾಡಿಕೊಂಡಿರಲಿಲ್ಲ. ಅರ್ಥವಾದದ್ದು ಅವಳಿಗೆ ಐದು ತಿಂಗಳಿದ್ದಾಗ. ಕಬ್ಬು ಕಡಿದು ಬಯಲಾದ ಹೊಲದ ಬದುವಿನ ಮೇಲೆ ಹೋಗುತ್ತಿದ್ದೆವು. ಒಮ್ಮೆಲೇ ನಿಂತಳು. ಮುಂಗಾಲು ಅರ್ಧ ಎತ್ತಿದ್ದು ಹಾಗೇ ಉಳಿಯಿತು. ಕಿವಿ ಹಿಂದಕ್ಕೆ ಮಡಚಿ ತಲೆಗೆ ಅಂಟಿದವು. ಪಕ್ಕೆಲುಬಿನ ಮೇಲಿನ ಚರ್ಮ ಮಾತ್ರ ಸಣ್ಣಗೆ ನಡುಗುತ್ತಿತ್ತು. ಅವಳ ನೋಟದ ಗೆರೆ ಹಿಡಿದು ನಾನು ನೋಡಿದೆ: ಹೊಲದ ಆ ತುದಿಯಲ್ಲಿ ಯಾರದೋ ಆಡಿನ ಮರಿಯೊಂದು ಜಿಗಿಯುತ್ತಿತ್ತು, ನನ್ನ ಕಣ್ಣಿಗೆ ಚುಕ್ಕೆಯಷ್ಟು. ‘ಕೆಂಚೀ’ ಎಂದೆ. ಕಿವಿ ಅಲುಗಲಿಲ್ಲ. ಕೂಗಿದೆ. ಅವಳು ಹೋಗಿಯಾಗಿತ್ತು.

ಆಡಿನ ಮರಿ ಬದುಕಿತು, ನಾನು ಬೈಸಿಕೊಂಡೆ. ಆ ಹಿರಿಯರಿಗೆ ಫೋನು ಮಾಡಿದರೆ ಅವರು ನಕ್ಕು, ‘ಟಾವೆಲ್ ಬೀಸ್ಬೇಕ್ರಿ’ ಎಂದರು. ಅವರ ತೋಟದಲ್ಲಿ ನಾನೇ ಕಂಡಿದ್ದೆ, ಗಮನಿಸಿರಲಿಲ್ಲ: ಊಟದ ಹೊತ್ತಿಗೆ ಹೆಗಲ ಮೇಲಿನ ಬಿಳಿ ಟವೆಲ್ ತೆಗೆದು ಗಾಳಿಯಲ್ಲಿ ಎರಡು ಸಲ ಬೀಸುತ್ತಿದ್ದರು, ಹೊಲದ ಮೂಲೆಯಿಂದ ನಾಯಿಗಳು ಬಾಣದಂತೆ ಬರುತ್ತಿದ್ದವು. ಇದರ ಹಿಂದಿನ ವಿಜ್ಞಾನ ಆಮೇಲೆ ಓದಿ ತಿಳಿದದ್ದು. ಸಿಡ್ನಿ ವಿಶ್ವವಿದ್ಯಾಲಯದ ಪಾಲ್ ಮೆಕ್‌ಗ್ರೀವಿ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ನರಕೋಶಗಳು ಅಡ್ಡಕ್ಕೆ ಒಂದು ಪಟ್ಟಿಯಾಗಿ ಒತ್ತಾಗಿರುತ್ತವೆ. ಮೊಂಡು ಮೂತಿಯವಕ್ಕೆ ನಡುವಿನಲ್ಲಿ ಒಂದೆಡೆ ಗುಂಪುಗೂಡಿರುತ್ತವೆ. ದಿಗಂತದುದ್ದಕ್ಕೂ ಅಲುಗುವ ಚುಕ್ಕೆ ಕಾಣಲೆಂದೇ ಮಾಡಿದ ಕಣ್ಣು. ಅಂಥದಕ್ಕೆ ಕಿವಿಯ ಮೂಲಕ ಪಾಠ ಹೇಳುತ್ತ ಕೂತಿದ್ದೆ ನಾನು.

ಅಂದಿನಿಂದ ಕ್ರಮ ಬದಲಿಸಿದೆ. ಊಟದ ತಟ್ಟೆ ಇಡುವ ಮುನ್ನ ಪ್ರತಿ ಸಲ ಬಿಳಿ ಟವೆಲ್ ಬೀಸುವುದು, ಜೊತೆಗೊಂದು ಸೀಟಿ. ಮೊದಲು ಅಂಗಳದಲ್ಲಿ, ಆಮೇಲೆ ಉದ್ದನೆಯ ಹಗ್ಗ ಕಟ್ಟಿ ಹೊಲದಲ್ಲಿ. ಕರೆದು ಬಂದಾಗ ಎಂದೂ ಬೈಯುವುದಿಲ್ಲ, ಕೂಡಲೇ ಕಟ್ಟಿಹಾಕುವುದೂ ಇಲ್ಲ. ಒಂದು ತುಣುಕು ಕೊಟ್ಟು ಮತ್ತೆ ಬಿಡುವುದು. ಬೀಸಿದರೂ ಬರದಿದ್ದರೆ ನಾನೇ ಎದುರು ದಿಕ್ಕಿಗೆ ಓಡುವುದು, ಓಡುವುದನ್ನು ಕಂಡರೆ ಈ ತಳಿಗೆ ಹಿಂದೆ ಬೀಳದೆ ಇರಲಾಗದು. ಐವತ್ತು ದಾಟಿದವನು ಬದುವಿನ ಮೇಲೆ ಟವೆಲ್ ಬೀಸುತ್ತ ಓಡುವುದನ್ನು ಹುನ್ನೂರಿನ ಹುಡುಗರು ನೋಡಿ ಸಂತೋಷಪಟ್ಟಿದ್ದಾರೆ. ಬಣ್ಣದ ಮಾತು ಬಂತೆಂದು ಹೇಳುತ್ತೇನೆ: ನಾಯಿಗೆ ಕೆಂಪು–ಹಸಿರಿನ ಭೇದ ಗೊತ್ತಾಗುವುದಿಲ್ಲ. ಹಸಿರು ಹೊಲದಲ್ಲಿ ಕೆಂಪು ಟವೆಲ್ ಬೀಸಿ ಉಪಯೋಗವಿಲ್ಲ. ಬಿಳಿ, ಹಳದಿ, ನೀಲಿ ಆದೀತು.

ಹೊಡೆತದ ವಿಷಯದಲ್ಲಿ ಈ ತಳಿ ಬೇರೆ ನಾಯಿಯಂತಲ್ಲ. ಆಲ್ಸೇಷಿಯನ್ ಏಟು ತಿಂದು ಸಂಜೆಗೆ ಮರೆತೀತು. ಮುಧೋಳದ್ದು ನೆನಪಿಟ್ಟುಕೊಂಡು ಕೈಗೆ ಸಿಗದಷ್ಟು ದೂರ ಕಾಯ್ದುಕೊಳ್ಳುತ್ತದೆ. ಒಂದೇ ಪಾಠವನ್ನು ಹತ್ತು ಸಲ ಹೇಳಿದರೂ ಬೇಸರಿಸಿ ಮುಖ ತಿರುಗಿಸುತ್ತದೆ. ಐದು ನಿಮಿಷ, ದಿನಕ್ಕೆ ಮೂರು ಸಲ ಸಾಕು. ಕೊರಳಪಟ್ಟಿ ಅಗಲವಿರಲಿ. ಇದರ ತಲೆ ಕೊರಳಿಗಿಂತ ದಪ್ಪವಿಲ್ಲ, ಸಾಮಾನ್ಯ ಪಟ್ಟಿಯಿಂದ ಹಿಂದಕ್ಕೆ ಜಗ್ಗಿದರೆ ಕ್ಷಣದಲ್ಲಿ ಕಳಚಿಕೊಳ್ಳುತ್ತದೆ. ಎಳೆದರೆ ಬಿಗಿಯಾಗುವ ಪಟ್ಟಿ, ಇಲ್ಲವೆ ಎದೆಗೆ ಹಾಕುವ ಸರಂಜಾಮು ಬೇಕು.

ಸದ್ದು, ಜನ, ದನ ಎಲ್ಲಕ್ಕೂ ಎಳವೆಯಲ್ಲೇ ರೂಢಿಯಾಗಬೇಕು. ಬನಹಟ್ಟಿಯ ನೇಕಾರರ ಮನೆಯೊಂದರಲ್ಲಿ ಪವರ್‌ಲೂಮಿನ ಪಕ್ಕ ಕಾಲು ಚಾಚಿ ಮಲಗಿದ ಮುಧೋಳ ಮರಿಯನ್ನು ಕಂಡಿದ್ದೇನೆ; ಮಗ್ಗ ನಿಂತಾಗ ಎಚ್ಚರವಾಗುತ್ತಿತ್ತು. ನಮ್ಮಲ್ಲಿ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಹಾಡು ಹಚ್ಚಿ ಹೋಗುವ ಟ್ರಾಕ್ಟರುಗಳೇ ಶಾಲೆ. ಮೊದಲು ದೂರದಿಂದ, ಕೈಯಲ್ಲಿ ಮೊಟ್ಟೆಯ ತುಣುಕು ಹಿಡಿದು, ದಿನಕ್ಕಷ್ಟು ಹತ್ತಿರ. ಕೋಳಿ, ಆಡುಗಳ ನಡುವೆ ಮೂರು ತಿಂಗಳೊಳಗೆ ಬಿಟ್ಟು ಬೆಳೆಸಿದರೆ ಮನೆಯವನ್ನು ಬಿಡುತ್ತದೆ. ಬೇರೆಯವರ ಆಡು ಬೇರೆ ಮಾತು.

ಇಲ್ಲಿಯೇ ನನಗೆ ನಮ್ಮವರ ಮೇಲೂ ಸಿಟ್ಟಿದೆ. ಮೊಲದ ಹಿಂದೆ ಬಿಟ್ಟರೇ ನಾಯಿ ತಯಾರಾಗುವುದು ಎಂದು ನಂಬಿ ಇಂದಿಗೂ ಕದ್ದು ಬಿಡುವವರಿದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಬೇಟೆ, ಅಪರಾಧ. ಬೀಳಗಿ–ಮುಧೋಳ ತಾಲೂಕುಗಳ ನಡುವೆ ಚಿಂಕಾರಗಳಿಗೆಂದು 2016ರಲ್ಲಿ ಯಡಹಳ್ಳಿ ವನ್ಯಧಾಮ ಘೋಷಣೆಯಾಗಿದೆ. ಓಡುವ ಜಿಂಕೆ, ಓಡಿಸುವ ನಾಯಿ, ಎರಡೂ ಒಂದೇ ಬಯಲಿನ ಮಕ್ಕಳು. ಒಂದನ್ನು ಅಂಚೆಚೀಟಿಯ ಮೇಲೆ ಹಾಕಿ ಇನ್ನೊಂದನ್ನು ಅದರ ಬಾಯಿಗೆ ಕೊಡಲಾಗದು. ಓಟದ ಹಸಿವಿಗೆ ಬೇರೆ ದಾರಿಯಿದೆ. ಬಿದಿರಿನ ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಟವೆಲಿನ ಚೂರು ಕಟ್ಟಿ ನೆಲದ ಮೇಲೆ ಸುತ್ತಿಸಿ. ಹತ್ತು ನಿಮಿಷದಲ್ಲಿ ನಾಲಿಗೆ ಚಾಚಿ ಬಿದ್ದುಕೊಳ್ಳುತ್ತದೆ. ವರ್ಷ ತುಂಬುವವರೆಗೆ ಮೋಟರ್‌ಸೈಕಲ್ಲಿನ ಹಿಂದೆ ಡಾಂಬರಿನ ಮೇಲೆ ಓಡಿಸುವುದು ಬೇಡ, ಎಲುಬಿನ ತುದಿಗಳು ಇನ್ನೂ ಗಟ್ಟಿಯಾಗಿರುವುದಿಲ್ಲ.

ಹಾಗಾದರೆ ಊರಲ್ಲಿ, ಫ್ಲಾಟಿನಲ್ಲಿ ಸಾಕಲೇಬಾರದೇ? ಇಂಥ ನಾಯಿ ಮನೆಯೊಳಗೆ ದಿನದ ಬಹುಪಾಲು ಮಲಗಿಯೇ ಇರುತ್ತದೆ. ಹಾಗೆ ನೋಡಿದರೆ ಬೊಗಳುವ ಪೊಮೆರೇನಿಯನ್ನಿಗಿಂತ ಶಾಂತ. ಬೇಕಾದ್ದು ದಿನಕ್ಕೊಮ್ಮೆ, ಸುತ್ತ ಬೇಲಿಯಿರುವ ಬಯಲಿನಲ್ಲಿ ಹಗ್ಗ ಬಿಚ್ಚಿದ ಓಟ. ಅದು ಸಿಗುವ ಜಾಗವಿದ್ದರೆ ಫ್ಲಾಟಾದರೂ ಸರಿ, ಇಲ್ಲದಿದ್ದರೆ ಬಂಗಲೆಯೂ ಸಾಲದು. ಸರಪಳಿ ಹಾಕಿ ಕಟ್ಟಿದ ಮುಧೋಳ ನಾಯಿಯನ್ನು ನೋಡಲು ನನ್ನಿಂದ ಆಗುವುದಿಲ್ಲ, ನಮ್ಮೂರಲ್ಲೂ.

ಮೊನ್ನೆ ಮತ್ತೊಂದು ಫೋನು ಬಂತು, ಮೈಸೂರಿನಿಂದ. ಗಂಡು ಮರಿಯೇ ಬೇಕು, ಬಿಳಿಯದೇ ಬೇಕು ಎಂದರು. ಕಾಂಪೌಂಡ್ ಎಷ್ಟೆತ್ತರ ಇದೆ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾಲ್ಕು ಅಡಿ ಇರಬಹುದು, ಅಳೆದು ಹೇಳ್ತೀನಿ’ ಎಂದರು. ಕೆಂಚಿ ಕಟ್ಟೆಯ ಮೇಲೆ ಮಲಗಿದ್ದಳು. ನಮ್ಮದು ಆರು ಅಡಿ, ಅದನ್ನೂ ಅವಳು ಎರಡು ಸಲ ಹಾರಿದ್ದಾಳೆ.